ಪ್ರತಿಭೆಯ ಬಳುವಳಿ: ಬಾಖ್ ಮನೆತನದ ನಿದರ್ಶನ

ಜರ್ಮನಿಯ ತುರಿಂಗಿಯಾ ಸೀಮೆಯ ಬಾಖ್ ಮನೆತನದಲ್ಲಿ ಸಂಗೀತಗಾರರು ತಲೆಮಾರಿನಿಂದ ತಲೆಮಾರಿಗೆ ಹುಟ್ಟಿ ಬಂದರು; ಅವರಲ್ಲಿ ಅತ್ಯಂತ ಪ್ರಸಿದ್ಧನಾದ ಯೋಹಾನ್ ಸೆಬಾಸ್ಟಿಯನ್ ಬಾಖ್ 1735ರಲ್ಲಿ ಸಿದ್ಧಪಡಿಸಿದ ವಂಶಾವಳಿಯು, ಬ್ರೆಡ್ಡು ಸುಡುವ ಕಸುಬಿನ ನಡುವೆ ತಂತಿವಾದ್ಯ ನುಡಿಸುತ್ತಿದ್ದ ಫೈಟ್ ಬಾಖ್‌ನಿಂದ ಆರಂಭವಾಗಿ 53 ಹೆಸರುಗಳನ್ನು ಒಳಗೊಂಡಿದೆ. ಚಾರ್ಲ್ಸ್ ಡಾರ್ವಿನ್ನನ ಬಂಧು ಫ್ರಾನ್ಸಿಸ್ ಗಾಲ್ಟನ್ 1869ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಮನೆತನಗಳನ್ನು ಪಟ್ಟಿಮಾಡಿ, ದೇಹಲಕ್ಷಣಗಳಂತೆ ಪ್ರತಿಭೆಯೂ ರಕ್ತಗತವಾಗಿ ಬರುತ್ತದೆಂದು ವಾದಿಸಿದನು.

ಆದರೆ ವಂಶಾವಳಿಯು ಯಾರು ಯಾರ ಮಗನೆಂದು ಹೇಳುತ್ತದೆಯೇ ಹೊರತು, ಯಾರು ಯಾರ ಬಳಿ ಕುಳಿತು ಕಲಿತನೆಂದು ಹೇಳುವುದಿಲ್ಲ. ಹತ್ತನೆಯ ವಯಸ್ಸಿಗೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಸೆಬಾಸ್ಟಿಯನ್, ಓರ್ಡ್ರುಫ್ ಪಟ್ಟಣದಲ್ಲಿ ಆರ್ಗನ್ ವಾದಕನಾಗಿದ್ದ ಅಣ್ಣನ ಮನೆ ಸೇರಿ ಅಲ್ಲಿಯೇ ಪಾಠ ಮುಂದುವರಿಸಿದನು. ಮುಂದೆ 1720ರಲ್ಲಿ, ಒಂಬತ್ತು ವರ್ಷದ ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮನ್‌ಗಾಗಿ ಅಭ್ಯಾಸಪುಸ್ತಕವೊಂದನ್ನು ಬರೆಯತೊಡಗಿ, ಮೊದಲಿಗೆ ಸ್ವರಲಿಪಿಯ ಚಿಹ್ನೆಗಳನ್ನೂ ಸ್ವರಾಲಂಕಾರಗಳ ಪಟ್ಟಿಯನ್ನೂ ಕೊಟ್ಟು, ಅನಂತರದ ಪುಟ್ಟ ರಚನೆಯಲ್ಲಿ ಯಾವ ಸ್ವರಕ್ಕೆ ಯಾವ ಬೆರಳೆಂಬುದನ್ನು ಅಂಕಿಗಳಿಂದ ಗುರುತಿಸಿದನು. ಮರುವರ್ಷ ಮಲತಾಯಿಯಾಗಿ ಬಂದ ಆನ್ನಾ ಮಾಗ್ದಲೇನಾ ಸ್ವತಃ ಆಸ್ಥಾನ ಗಾಯಕಿ.

ಹೀಗೆ ವಂಶವಾಹಿಗಳನ್ನು, ಅಂದರೆ ಜೀನ್‌ಗಳನ್ನು, ಕೊಡುವ ಹೆತ್ತವರೇ ವಾದ್ಯ, ಗುರು ಮತ್ತು ದಿನವಿಡೀ ಕಿವಿಗೆ ಬೀಳುವ ನಾದವನ್ನೂ ಒದಗಿಸುವುದರಿಂದ, ಮಗುವಿನ ಪರಿಸರವು ಅದರ ಆನುವಂಶಿಕ ಗುಣದೊಡನೆ ಹೆಣೆದುಕೊಂಡೇ ಬರುತ್ತದೆ; ಇದನ್ನು ವಿಜ್ಞಾನಿಗಳು ವಂಶವಾಹಿ–ಪರಿಸರ ಸಹಸಂಬಂಧವೆನ್ನುತ್ತಾರೆ. ಈ ಹೆಣಿಗೆಯನ್ನು ಬಿಡಿಸಲು ಅವರು ಅವಳಿಗಳನ್ನು ಹೋಲಿಸುತ್ತಾರೆ: ಏಕರೂಪಿ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ ಆಗಿದ್ದು, ಭಿನ್ನರೂಪಿ ಅವಳಿಗಳು ಸಾಮಾನ್ಯ ಒಡಹುಟ್ಟಿದವರಷ್ಟೇ ಸಾಮ್ಯ ಹೊಂದಿರುವುದರಿಂದ, ಒಂದೇ ಮನೆಯಲ್ಲಿ ಬೆಳೆದರೂ ಮೊದಲಿನವರಲ್ಲಿ ಕಾಣುವ ಹೆಚ್ಚಿನ ಹೋಲಿಕೆ ಆನುವಂಶಿಕತೆಯತ್ತ ಬೊಟ್ಟುಮಾಡುತ್ತದೆ. ಆಧಾರಶ್ರುತಿಯ ನೆರವಿಲ್ಲದೆ ಕೇಳಿದ ಸ್ವರವನ್ನು ಹೆಸರಿಸುವ ನಿರಪೇಕ್ಷ ಶ್ರುತಿಜ್ಞಾನವು ಏಕರೂಪಿ ಅವಳಿಗಳಿಬ್ಬರಲ್ಲೂ ಕಾಣಿಸಿಕೊಳ್ಳುವುದು ಹೆಚ್ಚಾದರೂ, ಅದು ಇರುವವರಲ್ಲಿ ಬಹುಪಾಲು ಜನ ಆರೇಳು ವರ್ಷದೊಳಗೇ ಸಂಗೀತ ಕಲಿಕೆ ಆರಂಭಿಸಿದವರು. ಇನ್ನೂ ಕುತೂಹಲದ ಸಂಗತಿಯೆಂದರೆ, ಹತ್ತು ಸಾವಿರಕ್ಕೂ ಹೆಚ್ಚು ಸ್ವೀಡಿಷ್ ಅವಳಿಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಷ್ಟು ಹೊತ್ತು ಸಾಧನೆ ಮಾಡುತ್ತಾರೆಂಬುದರಲ್ಲಿಯೂ ಆನುವಂಶಿಕತೆಯ ಪಾಲು ಗಣನೀಯವಾಗಿದೆ. ಎಂದರೆ, ಸ್ವಂತ ಶ್ರಮವೆಂದು ಹೊಗಳುವ ಗುಣದಲ್ಲಿಯೂ ಬಳುವಳಿಯ ಅಂಶವುಂಟು.

ಇಂಥ ಅಳತೆಗಳು ಒಂದು ಜನಸಮುದಾಯದೊಳಗಿನ ವ್ಯತ್ಯಾಸಗಳನ್ನು ವಿವರಿಸುತ್ತವೆಯೇ ವಿನಾ ಒಂದು ಮಗುವಿನ ಭವಿಷ್ಯವನ್ನು ನುಡಿಯುವುದಿಲ್ಲ. ಸೆಬಾಸ್ಟಿಯನ್‌ನ ಇನ್ನೊಬ್ಬ ಮಗ, ಸಂಯೋಜಕ ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್ ತನ್ನ ಮಗನಿಗೆ ಅಜ್ಜನ ಹೆಸರನ್ನೇ ಇಟ್ಟನಾದರೂ ಆ ಮಗ ಚಿತ್ರಕಾರನಾದನು. ಆದುದರಿಂದ ಹೆಸರಾಂತ ಮನೆತನದ ಮಕ್ಕಳಿಗೆ ಕಲಿಯುವ ಅವಕಾಶದ ಜೊತೆಗೆ, ಮನೆಯ ವಿದ್ಯೆಯನ್ನು ಬಿಟ್ಟು ಬೇರೆ ದಾರಿ ಹಿಡಿಯುವ ಅವಕಾಶವನ್ನೂ ಕೊಡುವುದು ಹಿರಿಯರ ಹೊಣೆ.