ಅಂಗಡಿ ಪ್ರಚಾರಕ್ಕೆ ಸ್ವಂತ ಕಥೆ: ಯಾವಾಗ ಹೇಳ್ಬೇಕು, ಯಾವಾಗ ಸುಮ್ನಿರೋದು ಒಳ್ಳೇದು?

ಈಗ ತಾಲ್ಲೂಕಿನಲ್ಲಿ ಹೊಸ ಅಂಗಡಿ ಶುರುವಾದ್ರೆ ಪಾಂಪ್ಲೆಟ್‌ಗಿಂತ ಮೊದಲು ರೀಲ್ಸ್ ಬರುತ್ತೆ. ಬೇಕರಿ, ಮೆಸ್, ಟೈಲರಿಂಗ್, ಗಾಣದ ಎಣ್ಣೆ, ಏನೇ ಇರಲಿ, ಜೊತೆಗೊಂದು ಕಥೆ ಇದ್ದೇ ಇರುತ್ತೆ. 'ಬೆಂಗಳೂರಲ್ಲಿ ಕೆಲಸ ಹೋಯ್ತು, ಊರಿಗೆ ಬಂದೆ', 'ಅಪ್ಪ ತೀರಿಕೊಂಡ್ರು, ಮನೆ ಜವಾಬ್ದಾರಿ ನನ್ನ ಮೇಲೆ ಬಿತ್ತು' ಅಂತ. ವಿಡಿಯೊ ಮಾಡಿಕೊಡೋ ಹುಡುಗರೂ 'ಅಣ್ಣಾ, ಸ್ವಲ್ಪ ಕಷ್ಟದ ದಿನಗಳನ್ನ ಹೇಳಿ, ವ್ಯೂಸ್ ಬರುತ್ತೆ' ಅಂತಾರೆ. ವ್ಯೂಸ್ ಬರೋದು ನಿಜ. ಆದರೆ ಅಂಗಡಿಗೆ ವ್ಯಾಪಾರ ಬರುತ್ತಾ ಅನ್ನೋದು ಬೇರೆ ಪ್ರಶ್ನೆ.

ಕಥೆ ಕೆಲಸ ಮಾಡಿದ ಒಂದು ಉದಾಹರಣೆ ನಮ್ಮ ಕರಾವಳಿಯವರದ್ದೇ ಇದೆ. ನ್ಯಾಚುರಲ್ಸ್ ಐಸ್‌ಕ್ರೀಂ ಕಟ್ಟಿದ ರಘುನಂದನ್ ಕಾಮತ್ ಮೂಲ್ಕಿ ಕಡೆಯವರು. ತಂದೆ ಹಣ್ಣಿನ ವ್ಯಾಪಾರಿ. ಮುಂಬೈಗೆ ಹೋಗಿ ಅಣ್ಣನ ಹೋಟೆಲ್‌ನಲ್ಲಿ ದುಡಿದು, 1984ರಲ್ಲಿ ಜುಹುನಲ್ಲಿ ಪುಟ್ಟ ಅಂಗಡಿ ಹಾಕಿದರು. ಶುರುವಿನಲ್ಲಿ ಐಸ್‌ಕ್ರೀಂ ಜೊತೆ ಪಾವ್‌ಭಾಜಿಯನ್ನೂ ಮಾರುತ್ತಿದ್ದರು. 2024ರಲ್ಲಿ ಅವರು ತೀರಿಕೊಂಡಾಗಲೂ ಪತ್ರಿಕೆಗಳು 'ಹಣ್ಣಿನ ವ್ಯಾಪಾರಿಯ ಮಗ' ಅಂತಲೇ ಬರೆದವು. ಈ ಕಥೆ ಯಾಕೆ ನಿಂತಿತು? ಬಡತನ ಇತ್ತು ಅಂತಲ್ಲ, ಬಡತನದ ಕಥೆ ಊರ ತುಂಬ ಇದೆ. ಹಣ್ಣಿನ ಐಸ್‌ಕ್ರೀಂ ಮಾರುವವನಿಗೆ ಹಣ್ಣು ಗೊತ್ತಿರಬೇಕು. ಅಪ್ಪ ಹಣ್ಣು ಮಾರುತ್ತಿದ್ದರು ಅಂದ ಕೂಡಲೇ ಗಿರಾಕಿಗೆ ಆ ನಂಬಿಕೆ ಬರುತ್ತೆ. ಕಥೆ ಮಾಲಿನ ಬಗ್ಗೆ ಏನೋ ಹೇಳಿತು.

ಅಳತೆಗೋಲು ಇದೇ ಅಂತ ನನಗನಿಸುತ್ತೆ. ಗಿರಾಕಿ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರುತ್ತೆ: ಈ ಎಣ್ಣೆ ಲೀಟರಿಗೆ ಇಷ್ಟೊಂದು ಯಾಕೆ? ಇವರ ಹತ್ರಾನೇ ಬ್ಲೌಸ್ ಯಾಕೆ ಹೊಲಿಸಬೇಕು? ನಿಮ್ಮ ಕಥೆ ಅದಕ್ಕೆ ಉತ್ತರ ಕೊಡೋದಾದ್ರೆ ಹೇಳಿ. 'ಹದಿನೈದು ವರ್ಷ ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಮಾಡಿದ್ದೀನಿ' ಅನ್ನೋದು ಉತ್ತರ. 'ಗಂಡ ಬಿಟ್ಟು ಹೋದ, ಅದಕ್ಕೆ ಹೊಲಿತೀನಿ' ಅನ್ನೋದು ಹೊಲಿಗೆ ಬಗ್ಗೆ ಏನೂ ಹೇಳಲ್ಲ. ಕೇಳಿದವರು ಅಯ್ಯೋ ಪಾಪ ಅಂತಾರೆ, ಬ್ಲೌಸ್ ಬೇರೆ ಕಡೆ ಕೊಡ್ತಾರೆ.

ಎಲ್ಲ ಪ್ರಶ್ನೆಗೂ ಕಥೆ ಉತ್ತರ ಅಲ್ಲ. ಐಡಿ ಫ್ರೆಶ್ ದೋಸೆ ಹಿಟ್ಟಿನ ಪಿ.ಸಿ. ಮುಸ್ತಫಾ ವಯನಾಡಿನ ಕೂಲಿ ಕಾರ್ಮಿಕರ ಮಗ, ಆರನೇ ಕ್ಲಾಸ್ ಫೇಲಾಗಿದ್ದವರು. ಈ ಕಥೆಯನ್ನ ಅವರು ಎಷ್ಟೋ ವೇದಿಕೆಯಲ್ಲಿ ಹೇಳಿದ್ದಾರೆ. 2021ರಲ್ಲಿ ಅವರ ಹಿಟ್ಟಿನಲ್ಲಿ ಪ್ರಾಣಿ ಮೂಳೆ ಇದೆ ಅಂತ ವಾಟ್ಸಾಪ್‌ನಲ್ಲಿ ಸುಳ್ಳು ಸುದ್ದಿ ಹರಡಿತು. ಆಗ ಕಂಪನಿ ಹೇಳಿದ್ದು ಹಿಟ್ಟಿಗೆ ಏನೇನು ಹಾಕ್ತೀವಿ ಅಂತ: ಅಕ್ಕಿ, ಉದ್ದು, ಮೆಂತ್ಯ, ನೀರು. ಪೊಲೀಸ್ ದೂರನ್ನೂ ಕೊಟ್ಟಿತು. ಹಿಟ್ಟಿನ ಮೇಲೆ ಅನುಮಾನ ಬಂದಾಗ ಹಿಟ್ಟಿನ ವಿಷಯ ಮಾತಾಡ್ಬೇಕು, ಬಾಲ್ಯದ್ದಲ್ಲ.

ಇನ್ನು ನಮ್ಮಂಥ ಊರಿನ ವಿಷಯಕ್ಕೆ ಬರೋಣ. ಮುಂಬೈನಲ್ಲಿ ನಿಮ್ಮ ಕಥೆ ಕೇಳೋರು ಅಪರಿಚಿತರು. ಇಲ್ಲಿ ಪಕ್ಕದ ಅಂಗಡಿಯವರು ನಿಮ್ಮ ಜೊತೆ ಶಾಲೆಗೆ ಬಂದಿರ್ತಾರೆ. ಸ್ವಲ್ಪ ಉಪ್ಪು ಖಾರ ಹಚ್ಚಿದ್ರೂ ಸಂಜೆ ಟೀ ಅಂಗಡಿಯಲ್ಲಿ ಗೊತ್ತಾಗುತ್ತೆ. ಅದಕ್ಕಿಂತ ದೊಡ್ಡದು ಉದ್ರಿ ವಿಚಾರ. 'ಎರಡು ಸಲ ಲಾಸ್ ಆಗಿ ಎದ್ದು ಬಂದೆ' ಅಂತ ನೀವು ಹೆಮ್ಮೆಯಿಂದ ಹೇಳಿದ ವಿಡಿಯೊವನ್ನ ಗಿರಾಕಿ ಮಾತ್ರ ನೋಡಲ್ಲ. ಹೋಲ್‌ಸೇಲ್‌ನವರು ನೋಡ್ತಾರೆ, ಚೀಟಿ ನಡೆಸೋರು ನೋಡ್ತಾರೆ, ಹಳೇ ಸಾಲ ಬಾಕಿ ಇರೋರೂ ನೋಡ್ತಾರೆ. ಮುಂದಿನ ಲೋಡಿಗೆ 'ಈ ಸಲ ಕ್ಯಾಶ್ ಕೊಡಿ' ಅಂದ್ರೆ ಆಶ್ಚರ್ಯ ಬೇಡ. ಹಾಗಾಗಿ ನಷ್ಟದ ಕಥೆಯನ್ನ ಸಾಲ ಪೂರ್ತಿ ತೀರಿದ ಮೇಲೆ ಹೇಳೋದು ಕ್ಷೇಮ. ಗಾಯ ಹಸಿ ಇದ್ದಾಗ ಕ್ಯಾಮೆರಾ ಮುಂದೆ ಕೂರಬೇಡಿ.

ನಿಮ್ಮ ಕಥೆ ನಿಮ್ಮೊಬ್ಬರದ್ದೂ ಅಲ್ಲ. ಅಪ್ಪನ ಕುಡಿತ, ಅಣ್ಣ ತಮ್ಮಂದಿರ ಪಾಲು ಜಗಳ, ಹೆಂಡತಿ ಒಡವೆ ಅಡ ಇಟ್ಟಿದ್ದು, ಇದೆಲ್ಲ ಅವರ ಬದುಕೂ ಹೌದು. ಹೆಂಡತಿ ಒಡವೆ ಅಡ ಇಟ್ಟು ಅಂಗಡಿ ಹಾಕಿದೆ ಅಂತ ಹೇಳೋ ಮೊದಲು ಅವರನ್ನ ಕೇಳಿ. ಅವರ ತವರು ಮನೆಯವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲದೇ ಇರಬಹುದು. ಮದುವೆಗೆ ಬಂದ ತಂಗಿ ಇದ್ರೆ ಇನ್ನೂ ಯೋಚನೆ ಮಾಡಿ.

ಕಣ್ಣೀರಿಂದ ಬಂದ ಜನ ಎಷ್ಟು ದಿನ ನಿಲ್ತಾರೆ ಅನ್ನೋದಕ್ಕೆ ದೆಹಲಿಯ 'ಬಾಬಾ ಕಾ ಢಾಬಾ' ನೆನಪಿಸಿಕೊಳ್ಳಿ. 2020ರ ಅಕ್ಟೋಬರ್‌ನಲ್ಲಿ ಒಂದು ವಿಡಿಯೊ ವೈರಲ್ ಆಗಿ ಮಾಲ್ವಿಯಾ ನಗರದ ಆ ವೃದ್ಧ ದಂಪತಿಯ ಗೂಡಂಗಡಿ ಮುಂದೆ ಕ್ಯೂ ನಿಂತಿತ್ತು. ದೇಣಿಗೆ ಬಂತು, ಆ ದುಡ್ಡಿನ ವಿಚಾರ ಪೊಲೀಸ್ ಠಾಣೆ ತನಕ ಹೋಯ್ತು. ಡಿಸೆಂಬರ್‌ನಲ್ಲಿ ಹೊಸ ಹೋಟೆಲ್ ತೆರೆದರು, ಕೆಲವೇ ತಿಂಗಳಲ್ಲಿ ಖರ್ಚು ಹುಟ್ಟದೆ ಮುಚ್ಚಿ ಹಳೇ ಗೂಡಿಗೇ ವಾಪಸಾದರು. ಕರುಣೆಯಿಂದ ಬಂದವರು ಒಂದು ಸಲ ಊಟ ಮಾಡಿ, ಫೋಟೊ ತೆಗೆದು ಹೋಗ್ತಾರೆ. ದಿನಾ ಬರೋರು ಸಾರಿನ ರುಚಿಗೆ ಬರ್ತಾರೆ.

ಕಾನೂನಿನ ಎರಡು ಮಾತು. 'ನಮ್ಮ ಪುಡಿ ಕುಡಿದು ನನ್ನ ಶುಗರ್ ವಾಸಿಯಾಯ್ತು' ಅನ್ನೋ ಅನುಭವ ಎಷ್ಟೇ ನಿಜ ಅನಿಸಿದ್ರೂ ಪ್ರಚಾರಕ್ಕೆ ಬಳಸಬೇಡಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥ ರೋಗ ವಾಸಿ ಮಾಡ್ತೀವಿ ಅನ್ನೋ ಜಾಹೀರಾತಿಗೆ 1954ರ ಕಾಯ್ದೆಯಲ್ಲೇ ನಿಷೇಧ ಇದೆ. ಹಾಗೇ ಮೂರು ವರ್ಷದ ಅಂಗಡಿಗೆ 'ಮೂರು ತಲೆಮಾರಿನ ರುಚಿ' ಅಂತ ಬೋರ್ಡ್ ಹಾಕೋದೂ ಅಪಾಯ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಹುದು.

ಹೇಳಲೇಬೇಕು ಅಂತ ತೀರ್ಮಾನಿಸಿದ್ರೆ ಮೊದಲು ಕೌಂಟರ್‌ನಲ್ಲಿ ನಾಲ್ಕು ಖಾಯಂ ಗಿರಾಕಿಗಳಿಗೆ ಬಾಯಲ್ಲಿ ಹೇಳಿ ನೋಡಿ. ಅವರು ಮಾಲಿನ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದ್ರೆ ಕಥೆ ಸರಿ ಇದೆ. ಮಾತು ಬದಲಿಸಿದ್ರೆ ಬಿಟ್ಟುಬಿಡಿ. ಶುರುವಿಗೆ ವಾಟ್ಸಾಪ್ ಸ್ಟೇಟಸ್ ಸಾಕು, 24 ಗಂಟೆಗೆ ಅದೇ ಹೋಗುತ್ತೆ. ಊರಿನ ಗ್ರೂಪ್‌ಗೆ ಬಿಟ್ಟ ವಿಡಿಯೊ ಮಾತ್ರ ನೀವು ಡಿಲೀಟ್ ಮಾಡಿದ್ರೂ ಫಾರ್ವರ್ಡ್ ಆದ ಕಡೆಯೆಲ್ಲ ಉಳಿಯುತ್ತೆ. ಮತ್ತೆ, ಕಥೆಯ ಗಡಿಬಿಡಿಯಲ್ಲಿ ರೇಟು, ಟೈಮು, ಯಾವ ವಾರ ರಜೆ ಅನ್ನೋದನ್ನ ಹಾಕೋಕೆ ಮರೀಬೇಡಿ. ಎಷ್ಟೋ ರೀಲ್ಸ್‌ನಲ್ಲಿ ಅಂಗಡಿ ಎಲ್ಲಿದೆ ಅಂತಲೇ ಇರಲ್ಲ.