ಜಾಹೀರಾತಿನ ಪಾಠ

ಕೆಲವು ವರ್ಷಗಳ ಹಿಂದೆ, ನಾವಿನ್ನೂ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ, ಹತ್ತನೆಯ ತರಗತಿಯ ಹುಡುಗನೊಬ್ಬನ ತಾಯಿ ನಮ್ಮಲ್ಲಿಗೆ ಬಂದು, ಪರೀಕ್ಷೆಯ ಶುಲ್ಕವನ್ನು ಕಟ್ಟಲು ಒಂದು ವಾರದ ಅವಕಾಶ ಬೇಕೆಂದು ಸಂಕೋಚದಿಂದ ಕೇಳಿಕೊಂಡರು. ಅದಕ್ಕೆಂದು ಎತ್ತಿಟ್ಟಿದ್ದ ಹಣವು ಜ್ಞಾಪಕಶಕ್ತಿಯನ್ನು ಹೆಚ್ಚಿಸುವುದೆಂದು ಜಾಹೀರಾತಿನಲ್ಲಿ ಸಾರಿದ್ದ ಟಾನಿಕ್ಕಿನ ಮೂರು ಶೀಸೆಗಳಿಗೆ ವ್ಯಯವಾಗಿತ್ತು. ಹುಡುಗನನ್ನು ಗದರಿಸಬೇಕೆಂದು ಬಾಯಿ ತೆರೆದೆವು. ಅಷ್ಟರಲ್ಲಿಯೇ ನಮಗೆ ನಾಚಿಕೆಯಾಯಿತು. ಪದ್ಯವನ್ನು ಓದುವ ಕ್ರಮವನ್ನು ಅವನಿಗೆ ಕಲಿಸಿದ್ದೆವು. ಪ್ರತಿದಿನವೂ ಅವನ ಕಣ್ಣಿಗೆ ಬೀಳುವ ಜಾಹೀರಾತನ್ನು ಓದುವ ಕ್ರಮವನ್ನು ನಮ್ಮಲ್ಲಿ ಯಾರೂ ಕಲಿಸಿರಲಿಲ್ಲ.

ಶುಲ್ಕದ ಮಾತು ಹೇಗೋ ತೀರಿತು. ಮರುವಾರದಿಂದ ಪ್ರತಿ ಶನಿವಾರವೂ ಒಂದು ಅವಧಿಯನ್ನು ಈ ಪಾಠಕ್ಕೆ ಮೀಸಲಿಟ್ಟೆವು. ಮಕ್ಕಳು ಹಳೆಯ ಪತ್ರಿಕೆಗಳನ್ನೂ ಸಾಬೂನು, ಬಿಸ್ಕತ್ತುಗಳ ಹೊದಿಕೆಗಳನ್ನೂ ತಂದರು. ಬೇರೆ ಸಾಮಗ್ರಿಯೇನೂ ಬೇಕಾಗಲಿಲ್ಲ.

ಕ್ರಮವನ್ನು ನಾವು ಶಾಸ್ತ್ರದಿಂದಲೇ ತೆಗೆದುಕೊಂಡೆವು. ಗೌತಮರ ನ್ಯಾಯಸೂತ್ರದಲ್ಲಿ ಅರ್ಥವಾದವೆಂಬ ವಾಕ್ಯವನ್ನು ಸ್ತುತಿ, ನಿಂದೆ, ಪರಕೃತಿ, ಪುರಾಕಲ್ಪ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ವೇದವಾಕ್ಯಕ್ಕೆ ಹೇಳಿದುದನ್ನು ಅಂಗಡಿಯ ಮಾತಿಗೆ ಹೊಂದಿಸಿದ ಅಪರಾಧವನ್ನು ಪಂಡಿತರು ಕ್ಷಮಿಸಲಿ. ಮಕ್ಕಳಿಗಂತೂ ಇದು ಕ್ಷಣದಲ್ಲಿ ಹಿಡಿಸಿತು. "ಇದಕ್ಕಿಂತ ಉತ್ತಮವಾದುದಿಲ್ಲ" ಎಂಬುದು ಸ್ತುತಿ. "ಇದನ್ನು ಹಚ್ಚದಿದ್ದರೆ ನಾಲ್ವರೆದುರು ತಲೆಯೆತ್ತಲಾರಿರಿ" ಎಂಬುದು ನಿಂದೆ. ಸಿನಿಮಾ ನಟನೋ ಕ್ರಿಕೆಟ್ ಆಟಗಾರನೋ ಬಳಸುತ್ತಾನೆಂಬುದು ಪರಕೃತಿ. ಋಷಿಗಳ ಕಾಲದಿಂದ ಬಂದ ಯೋಗವೆಂಬುದು ಪುರಾಕಲ್ಪ. ಈ ನಾಲ್ಕನ್ನೂ ಹೊಡೆದುಹಾಕಿದ ಮೇಲೆ ಕಾಗದದಲ್ಲಿ ಉಳಿಯುವುದೇನೆಂದು ಬರೆಯತಕ್ಕದ್ದು, ಇದೇ ಅಭ್ಯಾಸ. ಅನೇಕ ವೇಳೆ ಉಳಿದುದು ಬೆಲೆ, ನಿವ್ವಳ ತೂಕ, ತಯಾರಕರ ವಿಳಾಸ, ಇಷ್ಟೇ. ಆ ತೂಕದಿಂದ ಬೆಲೆಯನ್ನು ಭಾಗಿಸಿ ನೋಡಿದಾಗ, ಅಗ್ಗವೆಂದು ಕೊಂಡ ಸಣ್ಣ ಪೊಟ್ಟಣವು ದೊಡ್ಡದಕ್ಕಿಂತ ದುಬಾರಿಯೆಂದು ಕಂಡುಹಿಡಿದ ಹುಡುಗಿಯ ಮುಖದಲ್ಲಿದ್ದ ಸಂತೋಷ ನಮಗಿನ್ನೂ ನೆನಪಿದೆ.

ಮೂರನೆಯ ಶನಿವಾರ, ಟಾನಿಕ್ಕಿನ ಆ ಹುಡುಗನು ಯಾರೂ ಕೇಳದೆಯೇ ಖಾಲಿ ಶೀಸೆಯೊಂದನ್ನು ತಂದು ಮೇಜಿನ ಮೇಲಿಟ್ಟನು. ಅದರ ಚೀಟಿಯನ್ನು ಓದಿಸಿದೆವು. ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿದ್ದ ಜ್ಞಾಪಕಶಕ್ತಿಯ ಮಾತು ಅಲ್ಲಿ ಎಲ್ಲಿಯೂ ಇರಲಿಲ್ಲ. ಸಕ್ಕರೆಯ ಹೆಸರು ಮಾತ್ರ ಇತ್ತು. ಯಾರೂ ನಗಲಿಲ್ಲ.

ಇನ್ನೊಂದು ದಿನ ಹುಡುಗಿಯೊಬ್ಬಳು ಎದ್ದುನಿಂತು, "ಸಾರ್, ಇದೂ ಜಾಹೀರಾತೇ ಅಲ್ಲವೆ?" ಎಂದು ನಮ್ಮ ಶಾಲೆಯ ಪ್ರವೇಶದ ಕರಪತ್ರವನ್ನೇ ತೋರಿಸಿದಳು. ಹೆಚ್ಚು ಅಂಕ ಪಡೆದ ಐವರ ಚಿತ್ರಗಳಿದ್ದುವು. ಪರೀಕ್ಷೆಗೆ ಕುಳಿತವರೆಷ್ಟು, ತೇರ್ಗಡೆಯಾಗದವರೆಷ್ಟು ಎಂಬುದಿರಲಿಲ್ಲ. ಅದರ ಒಕ್ಕಣೆ ನಮ್ಮದೇ ಆಗಿತ್ತು. "ಅಹುದಮ್ಮಾ, ಇದು ಸ್ತುತಿ, ಬರೆದವರು ನಾವೇ" ಎಂದು ಒಪ್ಪಿಕೊಂಡೆವು. ಮರುವರ್ಷದ ಕರಪತ್ರದಲ್ಲಿ ಆ ಎರಡು ಸಂಖ್ಯೆಗಳೂ ಅಚ್ಚಾದುವು. ಕಲಿಸಿದ ಪಾಠ ಕಲಿಸಿದವನನ್ನೂ ಪರೀಕ್ಷಿಸದಿದ್ದರೆ ಅದು ಪಾಠವೇ ಅಲ್ಲ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಮಧುಮೇಹ, ಕ್ಯಾನ್ಸರ್ ಮೊದಲಾದ ರೋಗಗಳನ್ನು ಗುಣಪಡಿಸುವುದಾಗಿ ಔಷಧಗಳನ್ನು ಸಾರುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡವುಂಟು. 2022ರ ಮಾರ್ಗಸೂಚಿಗಳಂತೆ, ತಕ್ಕ ಆಧಾರವಿಲ್ಲದೆ ಒಂದು ಪದಾರ್ಥವು ಬುದ್ಧಿಯನ್ನು ಹೆಚ್ಚಿಸುವುದೆಂದು ಮಕ್ಕಳಿಗೆ ಹೇಳಕೂಡದು. ಷರತ್ತಿನ ಸಣ್ಣ ಸಾಲು ಮುಖ್ಯವಾದ ಮಾತಿನ ಭಾಷೆಯಲ್ಲಿಯೇ ಇರತಕ್ಕದ್ದು. 2024ರಲ್ಲಿ ಕೋಚಿಂಗ್ ಕೇಂದ್ರಗಳ ಜಾಹೀರಾತುಗಳಿಗೂ ನಿಯಮಗಳಾದುವು. ಚಿತ್ರದಲ್ಲಿರುವ ವಿದ್ಯಾರ್ಥಿಯು ಅಲ್ಲಿ ಯಾವ ಪಾಠಕ್ರಮವನ್ನು ಎಷ್ಟು ಕಾಲ ಓದಿದನೆಂಬುದನ್ನು ತಿಳಿಸಬೇಕು. ದೂರು ಹೇಳಲಿಚ್ಛಿಸುವವರಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ.

ಆದರೆ ಕಾನೂನು ಬರುವುದು ಹಣ ಹೋದ ಮೇಲೆ. ವಿವೇಕವು ಬರಬೇಕಾದುದು ಅದಕ್ಕಿಂತ ಮುಂಚೆ. ಎಲ್ಲ ಜಾಹೀರಾತೂ ಸುಳ್ಳೆಂದು ನಾವು ಮಕ್ಕಳಿಗೆ ಎಂದೂ ಹೇಳಲಿಲ್ಲ. ಒಳ್ಳೆಯ ಸರಕು ಎಲ್ಲಿ ದೊರೆಯುವುದೆಂದು ತಿಳಿಸುವುದೂ ಉಪಕಾರವೇ. ತಿಳಿಸುವ ಮಾತಾವುದು, ಮರುಳುಮಾಡುವ ಮಾತಾವುದು ಎಂಬ ಭೇದವನ್ನು ಕಾಣುವುದಷ್ಟೇ ನಮ್ಮ ಉದ್ದೇಶ.

ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಇಂದು ಸಂಜೆ ಮನೆಯ ಮಕ್ಕಳನ್ನು ಹತ್ತಿರ ಕುಳ್ಳಿರಿಸಿಕೊಂಡು, ಪತ್ರಿಕೆಯಲ್ಲಿಯೋ ಫೋನಿನಲ್ಲಿಯೋ ಕಂಡ ಒಂದು ಜಾಹೀರಾತನ್ನು ಈ ಕ್ರಮದಲ್ಲಿ ಓದಿಸಿ ನೋಡಿರಿ. ಕಾಲು ಗಂಟೆ ಸಾಕು. ಮೂರು ಶೀಸೆಗಳ ಬೆಲೆ ಉಳಿದೀತು.