ಹಿಮದ ಬಯಲಲ್ಲಿ ಅಪ್ಪ–ಮಗನ ವಿಮಾನ

ಮನೆಗೆ ಎರಡನೇ ಕೂಸು ಬಂದಾಗ ಮೊದಲನೆಯದು ಮಂಕಾಗುವುದು ತಾಯಂದಿರಿಗೆಲ್ಲ ಗೊತ್ತಿರುವ ಸಂಗತಿ. ಎಲ್ಲರ ಕಣ್ಣೂ ತೊಟ್ಟಿಲ ಕಡೆಗೇ, ದೊಡ್ಡದನ್ನು ಕೇಳುವವರಾರು? 2025ರ ಜನವರಿಯಲ್ಲಿ ತಂಗಿಯ ಬಾಣಂತನಕ್ಕೆಂದು ನಾನು ಅಮೆರಿಕದ ಮಿನ್ನೆಸೋಟಕ್ಕೆ ಹೋದಾಗ ಅಲ್ಲೂ ಇದೇ ಕತೆ. ಹತ್ತು ವರ್ಷದ ಹುಡುಗ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಆಟಕ್ಕೆ ಕಳಿಸೋಣವೆಂದರೆ ಹೊರಗೆ ಸೊನ್ನೆಗಿಂತ 8 ಡಿಗ್ರಿ ಕೆಳಗಿನ ಚಳಿ!

ತಂಗಿಯ ಯಜಮಾನರು ಕಂಡುಕೊಂಡ ಉಪಾಯ, ರಿಮೋಟಿನಿಂದ ಹಾರಿಸುವ ಪುಟ್ಟ ಫೋಮ್ ವಿಮಾನ. "ಈ ಚಳೀಲಿ ಯಾಕ್ರೀ?" ಎಂದು ತಂಗಿ ಗಾಬರಿಯಾದಳು. "ಹಾರಿಸೋಕೆ ಇದೇ ಒಳ್ಳೇ ಕಾಲ ಕಣೇ" ಎಂದರು ಅವರು.

ಮಾತು ನಿಜವೇ. ಚಳಿಗೆ ಗಾಳಿ ದಟ್ಟವಾಗುತ್ತದೆ. ನಮ್ಮ 28 ಡಿಗ್ರಿ ಬಿಸಿಲಿನ ಗಾಳಿಗಿಂತ ಸೊನ್ನೆ ಡಿಗ್ರಿಯ ಗಾಳಿ ಸುಮಾರು ಶೇಕಡಾ 10ರಷ್ಟು ಹೆಚ್ಚು ದಟ್ಟ. ಹಾಗಾಗಿ ರೆಕ್ಕೆಗೆ ಒಳ್ಳೆಯ ಆಸರೆ ಸಿಗುತ್ತದೆ. ಹೆಪ್ಪುಗಟ್ಟಿದ ಸರೋವರವೋ, ಮರ–ಕಂಬಗಳ ಕಾಟವಿಲ್ಲದ ಬಯಲು. ಗಾಲಿ ಬಿಚ್ಚಿ ಸ್ಕೀ ಎಂಬ ಜಾರುಪಟ್ಟಿ ಕಟ್ಟಿದರಾಯಿತು.

ಆದರೆ ಸಿದ್ಧತೆ ಬೇಕು. ನಡೆಯಲು ಕನಿಷ್ಠ 4 ಅಂಗುಲ ದಪ್ಪದ ಗಟ್ಟಿ ಮಂಜುಗಡ್ಡೆ ಇರಬೇಕೆಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಅಪ್ಪ ಮೊದಲು ಅಲ್ಲಲ್ಲಿ ಕೊರೆದು ಅಳೆಯುತ್ತಿದ್ದರು. ಚಳಿಗೆ ಬ್ಯಾಟರಿಯ ಕಸುವು ಬೇಗ ಕುಗ್ಗುತ್ತದೆ. ಹಾರಿಸುವವರೆಗೂ ಅದನ್ನು ಬೆಚ್ಚಗಿಡಬೇಕು. ಚಳಿಗಾಲದಲ್ಲಿ ನಾವು ಹೆಪ್ಪು ಹಾಕಿದ ಪಾತ್ರೆಗೆ ಬಟ್ಟೆ ಸುತ್ತಿಡುವುದಿಲ್ಲವೇ, ಹಾಗೆ! ಆ ಕೆಲಸ ಹುಡುಗನದು. ಅಂಗಿಯ ಒಳಜೇಬಿನಲ್ಲಿಟ್ಟು ಕಾಯುತ್ತಿದ್ದ. ಮನೆಗೆ ಬಂದಮೇಲೂ ಅದು ಕೋಣೆಯ ಬಿಸಿಗೆ ಬರುವವರೆಗೆ ಚಾರ್ಜಿಗೆ ಹಾಕಕೂಡದು, ಹಾಕಿದರೆ ಕೆಡುತ್ತದೆ. ನನ್ನ ಪಾಲಿನದು ಫ್ಲಾಸ್ಕಿನ ತುಂಬ ಬಿಸಿ ಮೆಣಸಿನ ಸಾರು.

ಒಂದು ಭಾನುವಾರ ಕಾರಿನೊಳಗೆ ಕುಳಿತು ನಾನೂ ನೋಡಿದೆ. ಇಬ್ಬರ ಕೈಯಲ್ಲೂ ಒಂದೊಂದು ರಿಮೋಟು. ಅಪ್ಪ ತಮ್ಮದರಲ್ಲಿನ ಒಂದು ಸ್ವಿಚ್ಚನ್ನು ಒತ್ತಿ ಹಿಡಿದಷ್ಟು ಹೊತ್ತು ವಿಮಾನ ಮಗನ ಕೈಯಲ್ಲಿ. ಬಿಟ್ಟ ಕೂಡಲೇ ಅಪ್ಪನ ಕೈಗೆ. ವಿಮಾನ ವಾಲಿತು, ಮೂತಿ ಕೆಳಗಾಯಿತು. ನನ್ನ ಜೀವ ಬಾಯಿಗೆ ಬಂತು. ಅಪ್ಪ ಸ್ವಿಚ್ಚು ಬಿಡಲಿಲ್ಲ. "ನಿಧಾನ ಮಗನೇ, ಮೇಲಕ್ಕೆತ್ತು" ಅಂದರಷ್ಟೆ. ಹುಡುಗನೇ ಎತ್ತಿದ!

ಅಂದು ರಾತ್ರಿ ಊಟಕ್ಕೆ ಕರೆಯಬೇಕಾಗಲಿಲ್ಲ. ಪಲ್ಯ ಬಡಿಸುವಷ್ಟರಲ್ಲಿ ಮೂರು ಸಲ ಅದೇ ಕತೆ. ಕೊನೆಗೆ, "ದೊಡ್ಡಮ್ಮಾ, ಪಾಪೂಗೆ ಎಷ್ಟು ವರ್ಷ ಆದ್ಮೇಲೆ ಹೇಳಿಕೊಡಬಹುದು?" ಎಂದು ಕೇಳಿದ. ತಂಗಿಯ ಕಣ್ಣು ತೇವವಾಯಿತು.

ಸೋದರಿಯರೇ, ವಿಮಾನವೇ ಆಗಬೇಕೆಂದಿಲ್ಲ. ನಮ್ಮಲ್ಲಿ ಆಷಾಢದ ಗಾಳಿಪಟವಿದೆ, ಸೈಕಲ್ಲಿದೆ. ಕೂಸು ನಿಮ್ಮ ಮಡಿಲಲ್ಲಿರುವ ದಿನಗಳಲ್ಲಿ ದೊಡ್ಡ ಮಗುವಿಗೆ ವಾರಕ್ಕೊಂದು ಹೊತ್ತಾದರೂ ಅಪ್ಪ ಪೂರ್ತಿ ಸಿಗಲಿ. ಬೆಚ್ಚಗೆ ಹೊದಿಸಿ ಕಳಿಸಿಕೊಡಿ.